ಕ್ಯಾಸ್ಕೇಡ್ ಬೆಟ್ಟಗಳ ಹಳೇ ಕೂಪು ರಸ್ತೆಗಳಲ್ಲಿ ಗಾಡಿ ಓಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್, ಬೆಲ್‌ವ್ಯೂ, ಪೋರ್ಟ್‌ಲ್ಯಾಂಡ್ ಕಡೆಯ ಕನ್ನಡಿಗರು ಹೊಸದಾಗಿ ಜೀಪೋ ಟೊಯೋಟಾ ಫೋರ್‌ರನ್ನರೋ ಕೊಂಡ ಮೇಲೆ ತಿರುತಿರುಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಉತ್ತರಗಳೆಲ್ಲ ಮುಖ್ಯವಾಗಿ ವಾಷಿಂಗ್ಟನ್ ರಾಜ್ಯದ ಕಾಡುಗಳಿಗೆ ಸಂಬಂಧಿಸಿದವು. ಒರೆಗಾನ್‌ನಲ್ಲಿ ಬೇರೆ ನಿಯಮ ಇರುವಲ್ಲಿ ಹಾಗೆಂದು ಹೇಳಿದ್ದೇವೆ.

## ಹೊರಡುವ ಮೊದಲು

ಕಾಡೊಳಗೆ ಇಷ್ಟೊಂದು ರಸ್ತೆ ಯಾರು ಮಾಡಿದ್ದು? ಈಗ ಯಾಕೆ ಹಾಳುಬಿದ್ದಿವೆ?

ಕೂಪಿನಿಂದ, ಅಂದರೆ ಮರ ಕಡಿಯುವ ಕಾಡಿನಿಂದ, ನಾಟಾ ಸಾಗಿಸುವುದಕ್ಕೆ ಮಾಡಿದ್ದು. ದೇಶದಾದ್ಯಂತ ಅಮೆರಿಕದ ಅರಣ್ಯ ಸೇವೆಯ ಕೈಯಲ್ಲಿ ಸುಮಾರು 3,70,000 ಮೈಲಿ ರಸ್ತೆಯಿದೆ. ಇದರಲ್ಲಿ ದೊಡ್ಡ ಪಾಲು ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಮರ ಕಡಿಯುವವರಿಗಾಗಿ ಕಡಿದದ್ದು. ಮರ ಮಾರಿದ ದುಡ್ಡಿನಲ್ಲೇ ರಸ್ತೆಯ ದುರಸ್ತಿಯೂ ನಡೆಯುತ್ತಿತ್ತು. 1990ರಲ್ಲಿ ಹಳೇ ಮರಗಳ ಕಾಡಿನಲ್ಲಿ ಬದುಕುವ ಚುಕ್ಕೆ ಗೂಬೆ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿತು, 1994ರಲ್ಲಿ ವಾಯವ್ಯ ಅರಣ್ಯ ಯೋಜನೆ ಬಂತು. ಕೇಂದ್ರ ಸರ್ಕಾರದ ಕಾಡುಗಳಲ್ಲಿ ಕಡಿತ ಕುಸಿಯಿತು, ಅದರೊಟ್ಟಿಗೆ ರಸ್ತೆಯ ದುಡ್ಡೂ ನಿಂತಿತು. 1996ರ ಫೆಬ್ರವರಿಯ ಪ್ರವಾಹದಲ್ಲಿ ಎಷ್ಟೋ ಕಡೆ ರಸ್ತೆಯೇ ಕೊಚ್ಚಿಹೋಯಿತು. ರಸ್ತೆಯಿಂದ ಇಳಿಯುವ ಹೂಳು ಸಾಲ್ಮನ್ ಮೀನು ಮೊಟ್ಟೆಯಿಡುವ ಹೊಳೆಗಳನ್ನು ಹಾಳುಮಾಡುತ್ತದೆಂದು ಕೆಲವನ್ನು ಇಲಾಖೆಯೇ ಅಗೆದು ಮುಚ್ಚಿತು. ಹೀಗೆ ಕೆಲವು ಚೆನ್ನಾಗಿವೆ, ಕೆಲವು ಕಾನೂನಿನ ಪ್ರಕಾರ ಮುಚ್ಚಿವೆ. ನಡುವೆ, ತೆರೆದೇ ಇದ್ದರೂ ಕೇಳುವವರಿಲ್ಲದ ದೊಡ್ಡ ಗುಂಪೊಂದಿದೆ. ಈ ಪುಟ ಅವುಗಳ ಬಗ್ಗೆ.

ಕಾಡಿನ ರಸ್ತೆ ಅಂದ್ಮೇಲೆ ಯಾರು ಬೇಕಾದ್ರೂ ಹೋಗಬಹುದಲ್ವಾ? ಪರ್ಮಿಟ್ ಬೇಕಾ?

ನೆಲ ಯಾರದು ಎಂಬುದರ ಮೇಲೆ ಹೋಗುತ್ತದೆ. ರಾಷ್ಟ್ರೀಯ ಅರಣ್ಯದ ತೆರೆದ ರಸ್ತೆಯಲ್ಲಿ ಓಡಿಸಲು ಶುಲ್ಕವಿಲ್ಲ. ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕಾಗುವುದು ಸೌಕರ್ಯವಿರುವ ಚಾರಣ ತಾಣಗಳಲ್ಲಿ ಗಾಡಿ ನಿಲ್ಲಿಸುವಾಗ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಕಾಡಿಗೆ, ಅಂದರೆ ಟಾಹುಯಾ, ಎಲ್ಬೆ ಹಿಲ್ಸ್, ವಾಕರ್ ವ್ಯಾಲಿಯಂಥ ಜಾಗಗಳಿಗೆ, ಡಿಸ್ಕವರ್ ಪಾಸ್ ಬೇಕು. ಖಾಸಗಿ ನಾಟಾ ಕಂಪನಿಗಳ ನೆಲದಲ್ಲಿ ಕೆಲವು ಕಡೆ ಹಣ ಕೊಟ್ಟು ಪರ್ಮಿಟ್ ಪಡೆಯಬೇಕು, ಕೆಲವು ಕಡೆ ನಡೆದು ಮಾತ್ರ ಹೋಗಬಹುದು, ಕೆಲವು ಕಡೆ ಅದೂ ಇಲ್ಲ.

ತೊಡಕು ಏನೆಂದರೆ ಈ ಒಡೆತನಗಳು ಚದುರಂಗದ ಹಾಸಿನಂತೆ ಕಲೆಸಿಕೊಂಡಿವೆ. 1864ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲ್ವೆಗೆ ಒಂದು ಚದರ ಮೈಲಿ ಬಿಟ್ಟು ಒಂದು ಚದರ ಮೈಲಿಯಂತೆ ನೆಲ ಬರೆದುಕೊಟ್ಟದ್ದರ ಫಲ ಇದು. ಒಂದೇ ರಸ್ತೆ ಹತ್ತು ನಿಮಿಷದಲ್ಲಿ ಮೂರು ಒಡೆಯರ ನೆಲ ದಾಟುತ್ತದೆ. ಆದ್ದರಿಂದ ಫೋನಿನ ನಕ್ಷೆಯಲ್ಲಿ ನೆಲದ ಒಡೆತನ ತೋರಿಸುವ ಪದರವನ್ನು ಸದಾ ಹಾಕಿಟ್ಟುಕೊಳ್ಳಿ. ಮೌಂಟ್ ಆಡಮ್ಸ್‌ನ ಪೂರ್ವಕ್ಕೆ ಯಾಕಮಾ ಜನರ ಮೀಸಲು ನೆಲವಿದೆ, ಅವರ ಅನುಮತಿಯಿಲ್ಲದೆ ಆ ಗಡಿ ದಾಟಬಾರದು. ವಿಲ್ಡರ್‌ನೆಸ್ ಎಂದು ಬರೆದ ಕಡೆಗಂತೂ ಸೈಕಲ್ ಕೂಡ ಒಯ್ಯುವಂತಿಲ್ಲ.

ಎಂವಿಯುಎಂ ಅಂತ ಒಂದು ನಕ್ಷೆ ಇದೆಯಂತೆ. ಗೂಗಲ್ ಮ್ಯಾಪ್ ಸಾಲದಾ?

ಸಾಲದು. ಗೂಗಲ್‌ಗೆ ಇಪ್ಪತ್ತು ವರ್ಷದ ಹಿಂದೆ ಅಗೆದು ಮುಚ್ಚಿದ ರಸ್ತೆಯೂ ರಸ್ತೆಯೇ. 2005ರ ನಿಯಮದ ಪ್ರಕಾರ ಪ್ರತಿ ರಾಷ್ಟ್ರೀಯ ಅರಣ್ಯವೂ ಮೋಟಾರು ವಾಹನ ಬಳಕೆಯ ನಕ್ಷೆ ಹೊರತರಬೇಕು. ಅದೇ ಎಂವಿಯುಎಂ. ರೇಂಜರ್ ಕಚೇರಿಯಲ್ಲೂ ಅವೆಂಜಾ ಆ್ಯಪ್‌ನಲ್ಲೂ ಪುಕ್ಕಟೆ ಸಿಗುತ್ತದೆ. ಕಪ್ಪು-ಬಿಳುಪು, ಬೆಟ್ಟ-ಕಣಿವೆಯ ಗೆರೆಗಳಿಲ್ಲ, ನೋಡಲು ಏನೂ ಚೆಂದವಿಲ್ಲ. ಆದರೆ ಕಾನೂನಿನ ಮಾತು ಅದರದ್ದೇ: ಆ ನಕ್ಷೆಯಲ್ಲಿ ಇಲ್ಲದ ರಸ್ತೆ ಮುಚ್ಚಿದೆ ಎಂದೇ ಅರ್ಥ. ಗೇಟಿಲ್ಲ, ಬೋರ್ಡಿಲ್ಲ ಎಂಬುದು ನೆಪವಾಗುವುದಿಲ್ಲ.

ಓದುವಾಗ ಎರಡು ಗುರುತು ನೋಡಿ. ಒಂದು, ರಸ್ತೆ ಎಲ್ಲ ವಾಹನಕ್ಕೂ ತೆರೆದಿದೆಯೋ, ಹೆದ್ದಾರಿಯಲ್ಲಿ ಓಡಲು ನೋಂದಾಯಿಸಿದ ವಾಹನಕ್ಕೆ ಮಾತ್ರವೋ. ಎರಡು, ಪಕ್ಕದಲ್ಲಿ ತಾರೀಕಿನ ಸಂಕೇತವಿದೆಯೋ. ಇದ್ದರೆ ಆ ರಸ್ತೆ ವರ್ಷದ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ರಸ್ತೆ ಕೊಚ್ಚಿಹೋಗಿದೆಯೇ ಎಂಬುದನ್ನು ಈ ನಕ್ಷೆ ಹೇಳುವುದಿಲ್ಲ. ಅದಕ್ಕೆ ರೇಂಜರ್ ಕಚೇರಿಗೆ ಫೋನ್ ಮಾಡಬೇಕು.

ಕೆಲವು ರಸ್ತೆ ನಂಬರ್ ಅಡ್ಡಕ್ಕೆ ಬರೆದಿರ್ತಾರೆ, ಕೆಲವು ಮೇಲಿಂದ ಕೆಳಕ್ಕೆ. ಅದರಲ್ಲೇನಿದೆ?

ಬಹಳ ಇದೆ. ಅಡ್ಡಕ್ಕೆ ಬರೆದ ನಂಬರ್ ಎಂದರೆ ಸಾಮಾನ್ಯ ಕಾರು ಹೋಗುವ ಮಟ್ಟಿಗೆ ನೋಡಿಕೊಳ್ಳುವ ರಸ್ತೆ. ಸಣ್ಣ ಕಂಬದ ಮೇಲೆ ಮೇಲಿಂದ ಕೆಳಕ್ಕೆ ಬರೆದಿದ್ದರೆ ತಳ ಎತ್ತರದ ಗಾಡಿಗೆ ಮಾತ್ರ. ಎರಡಂಕಿಯವು ಕಾಂಡ, ನಾಲ್ಕಂಕಿಯವು ಕೊಂಬೆ, ಮೂರಂಕಿಯವು ರೆಂಬೆ. 23ರಿಂದ 2329 ಒಡೆಯುತ್ತದೆ, ಅದರಿಂದ ಮೂರಂಕಿಯ ಕವಲುಗಳು. ಮೂರಂಕಿಯವು ಹೆಚ್ಚಾಗಿ ಎಲ್ಲಿಗೂ ಸೇರುವುದಿಲ್ಲ, ದಿಮ್ಮಿ ರಾಶಿ ಹಾಕುತ್ತಿದ್ದ ಬಯಲಿನಲ್ಲಿ ಮುಗಿಯುತ್ತವೆ. ಆ ಬಯಲಿಗೆ ಲ್ಯಾಂಡಿಂಗ್ ಎನ್ನುತ್ತಾರೆ. ಗಾಡಿ ತಿರುಗಿಸಲು, ಊಟಕ್ಕೆ, ಟೆಂಟ್ ಹಾಕಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇಲಾಖೆಯ ಲೆಕ್ಕದಲ್ಲಿ ರಸ್ತೆಗೆ 1ರಿಂದ 5ರವರೆಗೆ ದರ್ಜೆಯಿದೆ. 1 ಮುಚ್ಚಿದ್ದು, 2 ಎತ್ತರದ ಗಾಡಿಗೆ, 3ರಿಂದ ಮೇಲೆ ಕಾರಿಗೆ.

ಎಲೆನ್ಸ್‌ಬರ್ಗ್ ಕಡೆ ಕಂಬದ ಮೇಲೆ ಹಸಿರು ಚುಕ್ಕೆ ಕಂಡೆ. ಏನದು?

ಯಾಕಿಮಾ, ಕಿಟಿಟಾಸ್ ಕೌಂಟಿಗಳಲ್ಲಿ ರಾಜ್ಯ ಇಲಾಖೆಗಳು ನಡೆಸುವ ಗ್ರೀನ್ ಡಾಟ್ ಪದ್ಧತಿ. ಬಿಳಿ ಕಂಬದ ಮೇಲೆ ಹಸಿರು ಚುಕ್ಕೆ ಇದ್ದರೆ ರಸ್ತೆ ತೆರೆದಿದೆ. ಚುಕ್ಕೆ ಇಲ್ಲದಿದ್ದರೆ, ಟೈರ್ ಗುರುತು ಎಷ್ಟೇ ಇರಲಿ, ಮುಚ್ಚಿದೆ.

ಯಾವ ತಿಂಗಳು ಹೋದ್ರೆ ಒಳ್ಳೇದು?

4,000 ಅಡಿಗಿಂತ ಮೇಲಿನ ರಸ್ತೆಗೆ ಜುಲೈ ನಡುವಿನಿಂದ ಅಕ್ಟೋಬರ್ ಮೊದಲವರೆಗೆ. ಜೂನ್‌ನಲ್ಲಿ ಸಿಯಾಟಲ್‌ನಲ್ಲಿ ಬಿಸಿಲಿದ್ದರೂ ಮೇಲೆ ಉತ್ತರಕ್ಕೆ ಮುಖಮಾಡಿದ ತಿರುವುಗಳಲ್ಲಿ ಹಿಮದ ಗುಡ್ಡೆ ಉಳಿದಿರುತ್ತದೆ. ಮೂವತ್ತು ಅಡಿ ಉದ್ದದ ಒಂದೇ ಗುಡ್ಡೆ ಇಡೀ ದಾರಿಯನ್ನು ಕಟ್ಟಿಹಾಕುತ್ತದೆ. ಅದು ಕಣಿವೆಯ ಕಡೆಗೆ ವಾಲಿರುವುದರಿಂದ ಹತ್ತಿಸಿದ ಗಾಡಿ ನಿಧಾನವಾಗಿ ಅಂಚಿನತ್ತ ಜಾರುತ್ತದೆ. ಅಂಥದ್ದು ಕಂಡರೆ ವಾಪಸ್. ಅಕ್ಟೋಬರ್-ನವೆಂಬರ್ ಬೇಟೆಯ ಕಾಲ. ಇಳಿದು ಓಡಾಡುವುದಿದ್ದರೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ. ಚಳಿಗಾಲದಲ್ಲಿ ಎಷ್ಟೋ ರಸ್ತೆಗಳನ್ನು ಸ್ನೋಮೊಬೈಲ್‌ಗೆಂದು ಹದಮಾಡಿರುತ್ತಾರೆ. ಅಲ್ಲಿ ಚಕ್ರದ ಗಾಡಿ ತರುವಂತಿಲ್ಲ.

ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅವರನ್ನ ಕರ್ಕೊಂಡು ಹೋಗೋ ಹಾಗಿದೆಯಾ?

ಧಾರಾಳವಾಗಿ, ಆದರೆ ದಾರಿ ಆರಿಸಿಕೊಳ್ಳಿ. ಎಲೆನ್ಸ್‌ಬರ್ಗ್‌ನಿಂದ 35ನೇ ರಸ್ತೆ ಹಿಡಿದು ಲಯನ್ ರಾಕ್‌ಗೆ ಬಹುಪಾಲು ಡಾಂಬರೇ ಇದೆ. ನ್ಯಾಚಿಸ್ ಕಡೆಯಿಂದ 19, ಆಮೇಲೆ 1902ರಲ್ಲಿ ರೇವನ್ಸ್ ರೂಸ್ಟ್‌ಗೆ ಜಲ್ಲಿ ರಸ್ತೆ. ಸುಮಾರು 6 ಸಾವಿರ ಅಡಿ ಮೇಲೆ ನಿಂತರೆ ಮೌಂಟ್ ರೇನಿಯರ್ ಎದುರಿಗೇ ಇರುತ್ತದೆ. ಬೆನ್ನು-ಮಂಡಿ ನೋವಿರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಟೈರಿನ ಗಾಳಿ ಸ್ವಲ್ಪ ಇಳಿಸಿ, ಇಡೀ ದಿನಕ್ಕೆ 30 ಮೈಲಿಗಿಂತ ಹೆಚ್ಚು ಮಣ್ಣುರಸ್ತೆ ಬೇಡ. ಶೌಚಾಲಯ ಕೊನೆಯ ಪೇಟೆಯಲ್ಲೇ ಮುಗಿಸಿಕೊಳ್ಳಿ, ಮೇಲೆ ಇರುವುದಿಲ್ಲ.

## ಗಾಡಿ ಮತ್ತು ಸಾಮಾನು

ನನ್ನದು ಸುಬಾರು ಔಟ್‌ಬ್ಯಾಕ್ ಕಾರು. ಸಾಕಾಗುತ್ತಾ, ಇಲ್ಲಾ ಜೀಪೇ ಬೇಕಾ?

ಅಡ್ಡ ನಂಬರಿನ ರಸ್ತೆಗೆಲ್ಲ ಸಾಕು. ಉದ್ದ ನಂಬರಿನ, ಅಂದರೆ ಮೇಲಿಂದ ಕೆಳಕ್ಕೆ ಬರೆದ, ಎಷ್ಟೋ ರಸ್ತೆಯ ಮೊದಲರ್ಧಕ್ಕೂ ಸಾಕು. ಔಟ್‌ಬ್ಯಾಕ್‌ನ ತಳ 8.7 ಇಂಚು ಎತ್ತರ, ಹಿಂದಿನ ತಲೆಮಾರಿನ ಫೋರ್‌ರನ್ನರ್‌ದು 9.6, ಜೀಪ್ ರ‍್ಯಾಂಗ್ಲರ್ ರುಬಿಕಾನ್‌ದು 10.8. ಅಂಕಿ ನೋಡಿದರೆ ದೊಡ್ಡ ವ್ಯತ್ಯಾಸವಲ್ಲ. ನಿಜವಾದ ವ್ಯತ್ಯಾಸ ಮೂರು ಕಡೆ. ಔಟ್‌ಬ್ಯಾಕ್‌ನ ಮುಂದಿನ ಬಂಪರ್ ಉದ್ದ, ಅಡ್ಡ ಕಾಲುವೆಗೆ ಇಳಿದ ಕೂಡಲೇ ನೆಲಕ್ಕೆ ತಾಗುತ್ತದೆ. ಗಾಡಿಯನ್ನು ತೀರಾ ನಿಧಾನವಾಗಿ ಓಡಿಸುವ ಲೋ ಗೇರ್ ಇಲ್ಲ, ಹಾಗಾಗಿ ಉದ್ದದ ಇಳಿಜಾರಿನಲ್ಲಿ ಬ್ರೇಕಿನ ಮೇಲೇ ಭಾರ. ಕಡಿದಾದ ಏರಿನಲ್ಲಿ ಚಕ್ರ ತಿರುಗಿಸುತ್ತಾ ಕೂತರೆ ಸಿವಿಟಿ ಎಂಬ ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಸಿಯಾಗುತ್ತದೆ. ಎಚ್ಚರಿಕೆಯ ದೀಪ ಬಂದರೆ ನಿಲ್ಲಿಸಿ ಆರಲು ಬಿಡಬೇಕು.

ಏರ್‌ಪೋರ್ಟಲ್ಲಿ ಬಾಡಿಗೆ ಜೀಪ್ ತಗೊಂಡು ಹೋಗಬಹುದಾ?

ಬಹುತೇಕ ಬಾಡಿಗೆ ಕರಾರುಗಳು ಡಾಂಬರು ಬಿಟ್ಟು ಇಳಿಯಬಾರದು ಎನ್ನುತ್ತವೆ. ಇಳಿದು ಕೆಟ್ಟರೆ ಇನ್ಶೂರೆನ್ಸ್ ಕೈಬಿಡುತ್ತದೆ, ಎಳೆದು ತರುವ ಖರ್ಚು ಪೂರ್ತಿ ನಿಮ್ಮದೇ. ಸ್ವಂತ ಗಾಡಿಯವರೂ ತಮ್ಮ ರಸ್ತೆಬದಿ ನೆರವಿನ ಕರಾರು ಒಮ್ಮೆ ಓದಿ. ಟ್ರಕ್ ಬರುವಂಥ ರಸ್ತೆಗೆ ಮಾತ್ರ ಎಂಬ ಸಾಲು ಸಾಮಾನ್ಯವಾಗಿ ಅದರಲ್ಲಿರುತ್ತದೆ.

ಮೊದಲು ಯಾವುದಕ್ಕೆ ದುಡ್ಡು ಹಾಕಲಿ? ಲಿಫ್ಟಾ, ವಿಂಚಾ, ಲೈಟಾ?

ಟೈರಿಗೆ. ಜಲ್ಲಿ ಕಲ್ಲು ಇಲ್ಲಿ ಒಡೆದ ಬಂಡೆಯದು, ಅಂಚು ಚೂರಿಯ ಹಾಗಿರುತ್ತದೆ. ಕಾರಿನ ಟೈರಿನ ಪಕ್ಕದ ಗೋಡೆ ಅದಕ್ಕೆ ಸೀಳುತ್ತದೆ, ಸೀಳಿದ ಗೋಡೆಗೆ ಪಂಚರ್ ಹಾಕಲಾಗದು. ಲೈಟ್ ಟ್ರಕ್ ದರ್ಜೆಯ ಆಲ್-ಟೆರೇನ್ ಟೈರು ನಾಲ್ಕಲ್ಲ, ಐದು ಕೊಳ್ಳಿ. ಸ್ಟೆಪ್ನಿಯೂ ಅದೇ ಅಳತೆಯದಾಗಿರಬೇಕು. ಕಾರ್ಖಾನೆಯಿಂದ ಬಂದ ಸಣ್ಣ ಸ್ಟೆಪ್ನಿ ಹಾಕಿಕೊಂಡು 20 ಮೈಲಿ ಜಲ್ಲಿ ದಾಟಲಾಗುವುದಿಲ್ಲ. ಆಮೇಲೆ ಎಂಜಿನ್ ಅಡಿಯ ಲೋಹದ ತಟ್ಟೆ, ಆಮೇಲೆ ಮುಂದೆ-ಹಿಂದೆ ಚಾಸಿಗೆ ಬೋಲ್ಟ್ ಮಾಡಿದ ಎಳೆಯುವ ಕೊಂಡಿ. ಗಾಡಿಯನ್ನು ಎತ್ತರಿಸುವ ಲಿಫ್ಟ್ ಕೊನೆಗೆ, ಬೇಕೆನಿಸಿದರೆ. ಛಾವಣಿಯ ಮೇಲೆ ದೀಪದ ಪಟ್ಟಿ ಹಾಕಿಕೊಳ್ಳುವುದು ಫೋಟೋಗೆ ಮಾತ್ರ; ಮಂಜಿನಲ್ಲಿ ಅದರ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ.

ಗಾಳಿ ಎಷ್ಟು ಇಳಿಸಬೇಕು?

ಹೆದ್ದಾರಿಯಲ್ಲಿ 36 ಪಿಎಸ್‌ಐ ಇರುವ ಗಾಡಿಗೆ ಅಂದಾಜು ಹೀಗೆ: ಒಳ್ಳೆಯ ಜಲ್ಲಿಗೆ 26-28, ಕಲ್ಲು-ಗುಂಡಿಯ ದಾರಿಗೆ 18-22, ಆಳ ಕೆಸರು ಅಥವಾ ಹಿಮಕ್ಕೆ 15. ಅದಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಅಪಾಯವಿದೆ. ಇಳಿಸಿದ ಮೇಲೆ ಟೈರಿನ ಪಾದ ಉದ್ದವಾಗಿ ಹರಡುತ್ತದೆ, ಕಲ್ಲಿನ ಮೇಲೆ ಮಣಿಯುತ್ತದೆ, ಹಾಗಾಗಿಯೇ ಹಿಡಿತವೂ ಹೆಚ್ಚು, ಕುಲುಕಾಟವೂ ಕಡಿಮೆ. 20 ಪಿಎಸ್‌ಐನಲ್ಲಿ ಗಂಟೆಗೆ 25 ಮೈಲಿ ಮೀರಬೇಡಿ, ಗೋಡೆ ಬಿಸಿಯಾಗುತ್ತದೆ. ಡಾಂಬರಿಗೆ ಬಂದ ಕೂಡಲೇ ತುಂಬಿಸಿಕೊಳ್ಳಲು 12 ವೋಲ್ಟಿನ ಕಂಪ್ರೆಸರ್ ಬೇಕು. ಸಿಗರೇಟ್ ಲೈಟರಿಗೆ ಚುಚ್ಚುವಂಥದ್ದು ದೊಡ್ಡ ಟೈರಿಗೆ ಫ್ಯೂಸ್ ಸುಡುತ್ತದೆ. ನೇರ ಬ್ಯಾಟರಿಗೆ ಕಚ್ಚಿಸುವಂಥದ್ದು ತನ್ನಿ.

ಡಿಕ್ಕಿಯಲ್ಲಿ ಏನೇನಿರಬೇಕು?

ಉದ್ದ ಹಿಡಿಯ ಸಲಿಕೆ, ಮಡಚುವ ಗರಗಸ, ಪಂಚರ್ ಕಿಟ್, ಕಂಪ್ರೆಸರ್, ಹೂತ ಚಕ್ರದ ಅಡಿಗಿಡುವ ಟ್ರ್ಯಾಕ್ಷನ್ ಹಲಗೆ ಒಂದು ಜೊತೆ, ಎಳೆಯುವ ಹಗ್ಗ, ಅದನ್ನು ಕೊಂಡಿಗೆ ಸಿಕ್ಕಿಸುವ ಎರಡು ಸಾಫ್ಟ್ ಶ್ಯಾಕಲ್. ಬಾಟಲ್ ಜಾಕಿ, ಅದರ ಅಡಿಗೆ ಒಂದಡಿ ಚೌಕದ ದಪ್ಪ ಹಲಗೆ; ಹಲಗೆ ಇಲ್ಲದ ಜಾಕಿ ಮೆತ್ತನೆ ನೆಲದಲ್ಲಿ ಗಾಡಿ ಎತ್ತುವ ಬದಲು ತಾನೇ ಹೂತುಹೋಗುತ್ತದೆ. ತಲೆಗೆ ಕಟ್ಟುವ ಟಾರ್ಚ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್. ಒಬ್ಬೊಬ್ಬರಿಗೆ ಒಂದು ಗ್ಯಾಲನ್ ನೀರು, ಒಂದು ರಾತ್ರಿ ಕಳೆಯುವಷ್ಟು ಕಂಬಳಿ ಮತ್ತು ತಿಂಡಿ. ಚಕ್ಲಿ, ಅವಲಕ್ಕಿ ಚೂಡಾ ಇದಕ್ಕೆ ಹೇಳಿಮಾಡಿಸಿದವು: ಬೇಯಿಸಬೇಕಿಲ್ಲ, ಕೆಡುವುದೂ ಇಲ್ಲ. ರ‍್ಯಾಂಡಲ್, ಪ್ಯಾಕ್‌ವುಡ್, ನ್ಯಾಚಿಸ್, ಕ್ಲೆ ಎಲಮ್‌ನಂಥ ಕೊನೆಯ ಪೇಟೆಯಲ್ಲಿ ಟ್ಯಾಂಕ್ ತುಂಬಿಸಿ. ಲೋ ಗೇರ್‌ನಲ್ಲಿ ಪೆಟ್ರೋಲ್ ನಿಮ್ಮ ಲೆಕ್ಕಕ್ಕಿಂತ ಬಹಳ ಬೇಗ ಇಳಿಯುತ್ತದೆ.

## ದಾರಿಯ ಮೇಲೆ

ಫೋರ್ ಹೈ ಯಾವಾಗ, ಫೋರ್ ಲೋ ಯಾವಾಗ?

ಎರಡರಲ್ಲೂ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತದೆ; ಹೈ ಮಾಮೂಲಿ ಗೇರು, ಲೋ ನಿಧಾನದ್ದು. ಜಲ್ಲಿ ಶುರುವಾದ ಕೂಡಲೇ ಫೋರ್ ಹೈ. ಚಕ್ರ ಜಾರಿದ ಮೇಲೆ ಹಾಕುವುದು ತಡವಾಯಿತು. ನಡೆದುಹೋಗುವಷ್ಟು ನಿಧಾನಕ್ಕೆ ಓಡಿಸಬೇಕಾದಲ್ಲಿ, ಕಡಿದಾದ ಇಳಿಜಾರಿನಲ್ಲಿ ಫೋರ್ ಲೋ. ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಹಾಕಿ. ಇಳಿಯುವಾಗ ಮೊದಲ ಗೇರಿನಲ್ಲಿ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಒಣಗಿದ ಡಾಂಬರಿನ ಮೇಲೆ ಪಾರ್ಟ್-ಟೈಮ್, ಅಂದರೆ ಬೇಕಾದಾಗ ಮಾತ್ರ ಹಾಕುವ, ಫೋರ್ ವೀಲ್ ಬಿಟ್ಟುಕೊಂಡು ಓಡಿಸಬೇಡಿ. ತಿರುವಿನಲ್ಲಿ ಮುಂದಿನ-ಹಿಂದಿನ ಚಕ್ರಗಳ ವೇಗ ಬೇರೆಯಾಗಿ, ಆ ಎಳೆತವೆಲ್ಲ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ.

ನಾಟಾ ಲಾರಿ ಎದುರಿಗೆ ಬಂದ್ರೆ?

ದಾರಿ ಅದರದ್ದು. ತುಂಬಿದ ಲಾರಿ 80,000 ಪೌಂಡ್, ಅಂದರೆ 36 ಟನ್. ಇಳಿಜಾರಿನಲ್ಲಿ ಅದು ನಿಮಗಾಗಿ ನಿಲ್ಲಲಾರದು. ಬರುತ್ತಾ ಕಂಡ ಪ್ರತಿ ಅಗಲ ಜಾಗವನ್ನೂ ನೆನಪಿಟ್ಟುಕೊಳ್ಳಿ, ಹಿಂದಕ್ಕೆ ಹೋಗಬೇಕಾದವರು ನೀವು. ವಾರದ ದಿನಗಳಲ್ಲಿ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಓಡಾಟ ಹೆಚ್ಚು, ಶನಿವಾರ-ಭಾನುವಾರ ಕಡಿಮೆ. ಕಡಿತ ನಡೆಯುತ್ತಿದ್ದರೆ ರಸ್ತೆಯ ಬಾಯಿಯಲ್ಲಿ ಸಿಬಿ ರೇಡಿಯೋ ಚಾನಲ್ ಬರೆದಿರುತ್ತಾರೆ. ಚಾಲಕರು ಮೈಲಿಗಲ್ಲಿನ ನಂಬರ್ ಕೂಗುತ್ತಾ ಬರುತ್ತಾರೆ. ನೀವು ಮಾತಾಡದಿದ್ದರೂ ಕೇಳಿಸಿಕೊಂಡರೆ ಸಾಕು, ಯಾವ ತಿರುವಿನಲ್ಲಿ ಕಾಯಬೇಕೆಂದು ತಿಳಿಯುತ್ತದೆ. ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಿರಲಿ. ಒಂದು ಲಾರಿ ದಾಟಿದ ಕೂಡಲೇ ಹೊರಡಬೇಡಿ, ಧೂಳಿನೊಳಗೆ ಹಿಂದೆಯೇ ಇನ್ನೊಂದಿರಬಹುದು.

ರಸ್ತೆ ಮೇಲಿಂದ ಚೆನ್ನಾಗೇ ಕಾಣುತ್ತೆ. ಅಡಿಯಲ್ಲಿ ಟೊಳ್ಳಾಗಿದೆಯಾ ಅಂತ ಹೇಗೆ ತಿಳಿಯೋದು?

ಹಳೇ ಕೂಪು ರಸ್ತೆಯಲ್ಲಿ ಮೊದಲು ಕಲಿಯಬೇಕಾದ್ದು ಇದನ್ನೇ. ಈ ರಸ್ತೆಗಳನ್ನು ಕೆಡಿಸುವುದು ಗಾಡಿಯಲ್ಲ, ನೀರು.

ಬೆಟ್ಟದ ಪಕ್ಕೆಯಲ್ಲಿ ರಸ್ತೆ ಮಾಡುವಾಗ ಒಳಬದಿಯ ಧರೆ ಕಡಿದು, ಆ ಮಣ್ಣನ್ನೇ ಹೊರಬದಿಗೆ ತಳ್ಳಿ ಅಗಲ ಮಾಡಿರುತ್ತಾರೆ. ಅಂದರೆ ಒಳಚಕ್ರದ ಕೆಳಗೆ ಗಟ್ಟಿ ನೆಲ, ಹೊರಚಕ್ರದ ಕೆಳಗೆ ಸುರಿದ ಮಣ್ಣು. ಎಷ್ಟೋ ಕಡೆ ಆ ಮಣ್ಣಿನೊಳಗೆ ಆಗ ಕಡಿದ ಬೊಡ್ಡೆ-ಕೊಂಬೆಗಳೂ ಹೂತಿರುತ್ತವೆ. ಅವು ಕೊಳೆತಂತೆ ಹೊರ ಅಂಚು ಕುಸಿಯುತ್ತದೆ. ಹೊರ ಅಂಚಿಗೆ ಸಮನಾಗಿ, ಚಂದ್ರನ ಚೂರಿನಂತೆ ಬಾಗಿದ ಬಿರುಕು ಕಂಡರೆ ಅದರಾಚೆಯ ಮಣ್ಣು ಆಗಲೇ ಹೊರಟಿದೆ ಎಂದರ್ಥ. ಬಿರುಕಿನ ಒಳಬದಿಯಲ್ಲಿ ಗಾಡಿಯ ಪೂರ್ತಿ ಅಗಲಕ್ಕೆ ಜಾಗವಿದ್ದರೆ ಮಾತ್ರ ಮುಂದಿನ ಮಾತು.

ಇನ್ನೊಂದು ಮೋರಿ. ಆ ಕಾಲದ ಮೋರಿಗಳು ಅಲೆಅಲೆಯಾದ ತಗಡಿನ ಕೊಳವೆಗಳು. ಮೊದಲು ತುಕ್ಕು ತಿನ್ನುವುದು ತಳವನ್ನು. ತಳ ಹೋದ ಮೇಲೆ ನೀರು ಕೊಳವೆಯ ಕೆಳಗೆ ಹರಿಯುತ್ತಾ ಸುತ್ತಲಿನ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ಕೊಂಡೊಯ್ಯುತ್ತದೆ. ಮೇಲೆ ಜಲ್ಲಿಯ ಪದರ ಮಾತ್ರ ಕಮಾನಿನಂತೆ ನಿಂತಿರುತ್ತದೆ. ಇಳಿದು ನೋಡಬೇಕಾದ ಗುರುತುಗಳು: ರಸ್ತೆಯ ನಡುವೆ ತಟ್ಟೆಯಷ್ಟು ತಗ್ಗು ಅಥವಾ ಮುಷ್ಟಿಯಷ್ಟು ತೂತು, ಒಳಬದಿಯ ಚರಂಡಿಯಲ್ಲಿ ಹರಿದುಬಂದ ನೀರು ಕೊಳವೆಯ ಬಾಯಿಗೆ ಹೋಗದೆ ನಡುವೆಯೇ ಇಂಗುವುದು, ಹೊರ ಇಳುಕಲಿನಲ್ಲಿ ಕೊಳವೆಯ ಬಾಯಿ ಒಣಗಿದ್ದು, ಅದರ ಕೆಳಗೆ ಮಣ್ಣಿನಿಂದ ನೀರು ಜಿನುಗುವುದು. ಮೂರನೆಯದು ಕಂಡರೆ ಗಾಡಿ ದಾಟಿಸಬೇಡಿ. ಮೊದಲಿನದು ಮಾತ್ರ ಇದ್ದರೆ ಸಲಿಕೆಯ ಹಿಡಿಯನ್ನು ತೂತಿಗೆ ಇಳಿಸಿ ನೋಡಿ. ಅಡಿಯಷ್ಟು ಇಳಿದು ಅತ್ತಿತ್ತ ಸಡಿಲವಾಗಿ ಆಡಿದರೆ ಒಳಗೆ ಟೊಳ್ಳಿದೆ.

ರಸ್ತೆಗೆ ಅಡ್ಡಲಾಗಿ ಕಾಲುವೆ ತೋಡಿದ್ದಾರೆ. ನೇರ ದಾಟಿಸಲಾ, ಓರೆಯಾಗಿ ದಾಟಿಸಲಾ?

ಮೊದಲು, ಅದು ನೀರು ಹೊರಳಿಸಲು ತೋಡಿದ್ದೋ, ಗಾಡಿ ತಡೆಯಲು ತೋಡಿದ್ದೋ ನೋಡಿ. ನೀರಿನ ಕಾಲುವೆ ಆಳವಿಲ್ಲದ್ದು, ರಸ್ತೆಗೆ ಓರೆಯಾಗಿರುತ್ತದೆ, ಸ್ವಲ್ಪ ದೂರಕ್ಕೊಂದರಂತೆ ಸಾಲಾಗಿ ಬರುತ್ತದೆ. ತಡೆಯ ಗುಂಡಿ ಎದೆಯುದ್ದ ಇರುತ್ತದೆ, ಪಕ್ಕದಲ್ಲಿ ಅದರದೇ ಮಣ್ಣಿನ ದಿಬ್ಬ. ಎರಡನೆಯದಾದರೆ ರಸ್ತೆ ಮುಚ್ಚಿದೆ, ಸುತ್ತುಹಾಕಿ ಹೋಗುವುದು ಅಪರಾಧ.

ದಾಟಿಸುವುದು ಗಾಡಿಯ ಮೇಲೆ ನಿಂತಿದೆ. ಬಂಪರ್ ತಾಗುವ ಉದ್ದ ಮೂತಿಯ ಗಾಡಿಗೆ ಓರೆ, ಒಂದೊಂದೇ ಚಕ್ರ ಇಳಿಯುವಂತೆ. ಆದರೆ ಓರೆ ಹೋದಾಗ ಎದುರುಬದುರು ಮೂಲೆಯ ಎರಡು ಚಕ್ರ ಗಾಳಿಯಲ್ಲಿ ತಿರುಗಿ ಗಾಡಿ ನಿಲ್ಲಬಹುದು. ಎಡ-ಬಲ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಬಿಗಿಯುವ ಲಾಕರ್ ಇಲ್ಲದ ಗಾಡಿಗೆ ಇದು ಸಾಮಾನ್ಯ. ಬ್ರೇಕ್ ಮೆಲ್ಲಗೆ ಒತ್ತಿಕೊಂಡು ಆಕ್ಸಿಲರೇಟರ್ ಕೊಟ್ಟರೆ ಕೆಲವೊಮ್ಮೆ ಹಿಡಿಯುತ್ತದೆ. ಇಲ್ಲದಿದ್ದರೆ ತಗ್ಗಿಗೆ ಕಲ್ಲು ತುಂಬಿ, ದಾಟಿದ ಮೇಲೆ ಆ ಕಲ್ಲು ತೆಗೆದಿಡಿ. ತೆಗೆಯದಿದ್ದರೆ ಮುಂದಿನ ಮಳೆಗೆ ನೀರು ಕಾಲುವೆ ಬಿಟ್ಟು ರಸ್ತೆಯುದ್ದಕ್ಕೂ ಹರಿದು ಅದನ್ನೇ ಕೊರೆಯುತ್ತದೆ.

ಮರ ಬಿದ್ದಿದೆ. ಕಡಿದು ಹೋಗಬಹುದಾ?

ಬಿದ್ದ ಮರ ಒತ್ತಡದಲ್ಲಿರುತ್ತದೆ. ಧರೆಗೂ ಕಣಿವೆಗೂ ಸೇತುವೆಯಂತೆ ಬಿದ್ದಿದ್ದರೆ ಮೇಲ್ಭಾಗ ಒತ್ತಿಕೊಂಡಿದೆ, ಕೆಳಭಾಗ ಹಿಗ್ಗಿದೆ. ಮೇಲಿನಿಂದಲೇ ಕೊನೆವರೆಗೆ ಕೊಯ್ದರೆ ಗರಗಸ ಕಚ್ಚಿಕೊಳ್ಳುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ. ನಿಲ್ಲುವುದು ಯಾವಾಗಲೂ ಏರಿನ ಕಡೆ, ತುಂಡು ಕೆಳಕ್ಕೆ ಉರುಳುತ್ತದೆ. ತೊಡೆಗಿಂತ ದಪ್ಪದ್ದನ್ನು ಚೈನ್‌ಸಾ ಪಳಗಿಲ್ಲದವರು ಮುಟ್ಟಬಾರದು. ಬೇಸಿಗೆಯಲ್ಲಿ ಚೈನ್‌ಸಾ ಬಳಸುವ ಹೊತ್ತಿಗೂ ನಿರ್ಬಂಧವಿರುತ್ತದೆ. ತುಂಡುಗಳನ್ನು ಸೌದೆಗೆಂದು ಮನೆಗೆ ಒಯ್ಯಲು ಪರ್ಮಿಟ್ ಬೇಕು.

ಹಳೇ ಮರದ ಸೇತುವೆ ನಂಬಬಹುದಾ?

ಭಾರದ ಮಿತಿಯ ಬೋರ್ಡು ಇದ್ದು, ಇತ್ತೀಚಿನ ಹಲಗೆ ಕಂಡರೆ ಸರಿ. ದಿಮ್ಮಿಗಳನ್ನೇ ತೊಲೆಯಾಗಿ ಹಾಸಿ ಮೇಲೆ ಮಣ್ಣು ಸುರಿದ ಸೇತುವೆಯಾದರೆ ಕೆಳಗಿಳಿದು ನೋಡಿ. ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ. ಒಂದಿಂಚು ಸಲೀಸಾಗಿ ಇಳಿದರೆ ಕೊಳೆತಿದೆ.

ಮುಂದೆ ಕುಸಿದಿದೆ, ತಿರುಗಿಸೋಕೆ ಜಾಗ ಇಲ್ಲ. ಏನ್ಮಾಡ್ಲಿ?

ಮೊದಲ ಆಯ್ಕೆ ರಿವರ್ಸ್. ಅರ್ಧ ಮೈಲಿಯಾದರೂ ಸರಿ, ಒಬ್ಬರು ಇಳಿದು ಹಿಂದೆ ನಡೆಯುತ್ತಾ ಕೈ ತೋರಿಸಲಿ. ಅಲ್ಲೇ ತಿರುಗಿಸಲೇಬೇಕಾದರೆ ಮುಖ ಕಣಿವೆಯ ಕಡೆಗೆ, ಹಿಂಭಾಗ ಧರೆಯ ಕಡೆಗೆ. ಅಂಚು ನಿಮ್ಮ ಕಣ್ಣೆದುರೇ ಇರಬೇಕು, ಕನ್ನಡಿಯಲ್ಲಲ್ಲ. ಹಿಂದಿನ ಚಕ್ರ ಒಳಬದಿಯ ಚರಂಡಿಗೆ ಬೀಳದಂತೆ ಅಲ್ಲೊಂದು ಕಲ್ಲು ಇಡಿ. ಇಂಥ ಕಡೆ ವಾಪಸಾಗುವುದರಲ್ಲಿ ಅವಮಾನವೇನಿಲ್ಲ, ಈ ರಸ್ತೆಗಳಲ್ಲಿ ಅದು ದಿನನಿತ್ಯದ ಕೆಲಸ.

## ಸಿಕ್ಕಿಹಾಕಿಕೊಂಡಾಗ

ಗಾಡಿ ಹೂತಿದೆ, ಜೊತೆಗೆ ಇನ್ನೊಂದು ಗಾಡಿ ಇದೆ. ಎಳೆಯೋದು ಹೇಗೆ?

ಮೊದಲು ಸಲಿಕೆ. ನಾಲ್ಕೂ ಚಕ್ರದ ಮುಂದಿನ ಮಣ್ಣು ತೆಗೆದು, ಹೊಟ್ಟೆ ನೆಲಕ್ಕೆ ಕೂತಿದ್ದರೆ ಬಿಡಿಸಿ. ಹತ್ತು ನಿಮಿಷ ಅಗೆದರೆ ಎಳೆತ ಅರ್ಧಕ್ಕಿಳಿಯುತ್ತದೆ. ಹಗ್ಗ ಹಿಗ್ಗುವಂಥ ನೈಲಾನಿನದಾಗಿರಲಿ: ಮುಕ್ಕಾಲರಿಂದ 7/8 ಇಂಚು ದಪ್ಪ, 30 ಅಡಿ ಉದ್ದ, ಕಡಿಯುವ ಬಲ ಗಾಡಿಯ ತೂಕದ ಮೂರು ಪಟ್ಟಿನ ಆಸುಪಾಸು. ಮೂರ್ನಾಲ್ಕು ಅಡಿ ಸಡಿಲ ಬಿಟ್ಟು, ಮೆಲ್ಲಗೆ ಹೊರಟು, ಹಗ್ಗದ ಹಿಗ್ಗಿಗೆ ಕೆಲಸ ಬಿಡಿ.

ಟ್ರೇಲರ್ ಕಟ್ಟುವ ಹಿಂಬದಿಯ ಉಕ್ಕಿನ ಗುಂಡಿಗೆ, ಅಂದರೆ ಹಿಚ್ ಬಾಲ್‌ಗೆ, ಹಗ್ಗ ಎಂದೂ ಸಿಕ್ಕಿಸಬೇಡಿ. ಅದು ಮುರಿದು ಗುಂಡಿನಂತೆ ಹಾರಿ ಗಾಜು ಒಡೆದು ಒಳಗಿದ್ದವರನ್ನು ಕೊಂದ ಉದಾಹರಣೆಗಳಿವೆ. ಬೇರೆ ಕೊಂಡಿ ಇಲ್ಲದಿದ್ದರೆ ಗುಂಡಿಯ ಸಲಾಕೆ ಹೊರಗೆಳೆದು, ಹಗ್ಗದ ಕುಣಿಕೆಯನ್ನು ಆ ಚೌಕ ಕೊಳವೆಯೊಳಗೆ ಇಟ್ಟು, ಅಡ್ಡ ಪಿನ್ ಹಾಕಿ. ಗಾಡಿ ಹಡಗಿಗೆ ಹಾಕುವಾಗ ಕಟ್ಟಲೆಂದು ಮಾಡಿದ ತೆಳು ಬಳೆಗಳೂ ಬೇಡ. ನೋಡುವವರೆಲ್ಲ ಹಗ್ಗದ ಒಂದೂವರೆ ಪಟ್ಟು ದೂರ, ಪಕ್ಕಕ್ಕೆ ನಿಲ್ಲಲಿ.

ಒಂದೇ ಗಾಡಿಯಲ್ಲಿ ಹೋಗೋದು ತಪ್ಪಾ?

ಅಡ್ಡ ನಂಬರಿನ ರಸ್ತೆಗೆ ತಪ್ಪಲ್ಲ. ಉದ್ದ ನಂಬರಿನ ರಸ್ತೆಗೆ ಒಂಟಿಯಾಗಿ ಹೋಗುವುದಾದರೆ ಹಗ್ಗ ಸುತ್ತುತ್ತಾ ಗಾಡಿಯನ್ನು ಎಳೆಯುವ ವಿಂಚ್ ಬೇಕು, ಗಾಡಿಯ ತುಂಬಿದ ತೂಕದ ಒಂದೂವರೆ ಪಟ್ಟು ಬಲದ್ದು. ಮರಕ್ಕೆ ಸುತ್ತಲು ಮೂರಿಂಚು ಅಗಲದ ಪಟ್ಟಿ. ಬರೀ ಹಗ್ಗ ಸುತ್ತಿದರೆ ತೊಗಟೆ ಕಿತ್ತು ಮರ ಸಾಯುತ್ತದೆ. ಹೋಗುವ ರಸ್ತೆಯ ನಂಬರ್, ವಾಪಸಾಗುವ ಹೊತ್ತು, ಬಾರದಿದ್ದರೆ ಯಾವ ಕೌಂಟಿಯ ಶೆರಿಫ್‌ಗೆ ಫೋನ್ ಮಾಡಬೇಕು, ಮೂರನ್ನೂ ಮನೆಯಲ್ಲಿ ಬರೆದಿಟ್ಟು ಹೊರಡಿ.

ಅಲ್ಲಿ ಸಿಗ್ನಲ್ ಇರಲ್ಲ. ಏನು ಇಟ್ಕೊಳ್ಳೋದು?

ಗಾಡಿ-ಗಾಡಿ ನಡುವೆ ಜಿಎಂಆರ್‌ಎಸ್ ರೇಡಿಯೋ. ಪರೀಕ್ಷೆಯಿಲ್ಲ, ಲೈಸೆನ್ಸ್ 35 ಡಾಲರ್, ಹತ್ತು ವರ್ಷಕ್ಕೆ, ಮನೆಮಂದಿಗೆಲ್ಲ ಒಂದೇ. ಪೌರತ್ವ ಬೇಕಿಲ್ಲ, ವೀಸಾದ ಮೇಲಿರುವವರೂ ಪಡೆಯಬಹುದು. ಹೊರಜಗತ್ತಿಗೆ ಉಪಗ್ರಹದ ಇನ್‌ರೀಚ್‌ನಂಥ ಯಂತ್ರ, ಇಲ್ಲವೇ ಐಫೋನ್ 14 ಮತ್ತು ನಂತರದವುಗಳ ತುರ್ತು ಸಂದೇಶ. ಎರಡಕ್ಕೂ ತೆರೆದ ಆಕಾಶ ಬೇಕು. ದಟ್ಟ ಫರ್ ಮರಗಳಡಿ ಸಂದೇಶ ಹೋಗದಿದ್ದರೆ ಹತ್ತಿರದ ಲ್ಯಾಂಡಿಂಗ್ ಬಯಲಿಗೆ ನಡೆಯಿರಿ.

ಗಾಡಿ ಕೆಟ್ಟು ಕತ್ತಲಾಯ್ತು. ನಡೆದು ಹೋಗಿ ಸಹಾಯ ತರಲಾ?

ಬೇಡ. 2006ರ ನವೆಂಬರ್‌ನಲ್ಲಿ ಒರೆಗಾನ್‌ನ ಬೇರ್ ಕ್ಯಾಂಪ್ ರಸ್ತೆಯಿಂದ ಒಂದು ಕುಟುಂಬ ಹಿಮದಲ್ಲಿ ಕೂಪು ರಸ್ತೆಗೆ ಹೊರಳಿ ಸಿಕ್ಕಿಕೊಂಡಿತು. ದಿನಗಟ್ಟಲೆ ಕಾದು ಸಹಾಯ ತರಲು ನಡೆದುಹೋದ ತಂದೆ ಚಳಿಗೆ ತೀರಿಕೊಂಡರು. ಗಾಡಿಯ ಹತ್ತಿರ ಉಳಿದ ತಾಯಿ ಮತ್ತು ಇಬ್ಬರು ಮಕ್ಕಳು ಬದುಕಿ ಬಂದರು. ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. ಬಿಸಿಗಾಗಿ ಎಂಜಿನ್ ಗಂಟೆಗೆ ಹತ್ತು ನಿಮಿಷ ಓಡಿಸಿ, ಅದಕ್ಕೆ ಮೊದಲು ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ.

## ಪಳಗಿದವರಿಗೆ

ಯಾವ ನಕ್ಷೆಯಲ್ಲೂ ಇಲ್ಲದ ಹಳೇ ರಸ್ತೆ ಹುಡುಕೋದು ಹೇಗೆ?

ಎರಡು ಮೂಲ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಟೋಪೋವ್ಯೂ ತಾಣದಲ್ಲಿ ಹಳೇ ನಕ್ಷೆಗಳೆಲ್ಲ ಪುಕ್ಕಟೆ. ಒಂದೇ ಕಣಿವೆಯ ಬೇರೆಬೇರೆ ದಶಕದ ನಕ್ಷೆ ಪಕ್ಕಪಕ್ಕ ಇಟ್ಟರೆ ಯಾವ ರಸ್ತೆ ಯಾವಾಗ ಹುಟ್ಟಿತು, ಯಾವಾಗ ಅಳಿಯಿತು ಎಂಬುದು ಕಾಣುತ್ತದೆ. ಎರಡನೆಯದು ವಾಷಿಂಗ್ಟನ್ ರಾಜ್ಯದ ಲೈಡಾರ್ ಪೋರ್ಟಲ್. ವಿಮಾನದಿಂದ ಲೇಸರ್ ಹಾಯಿಸಿ, ಮರಗಳನ್ನು ಲೆಕ್ಕದಲ್ಲಿ ಕಳೆದು, ಬರಿನೆಲದ ಉಬ್ಬುತಗ್ಗು ಮಾತ್ರ ತೋರಿಸುವ ಚಿತ್ರಗಳವು. ಆಲ್ಡರ್ ಮರ ಮುಚ್ಚಿ ನೆಲದ ಮೇಲೆ ನಿಂತವರಿಗೂ ಕಾಣದ ರಸ್ತೆ ಅಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಏರು ತೀರಾ ಕಡಿಮೆಯಿದ್ದು, ತಿರುವು ಅಗಲವಾಗಿದ್ದು, ಹಳ್ಳದ ಎರಡೂ ದಡದಲ್ಲಿ ಥಟ್ಟನೆ ತುಂಡಾದಂತಿದ್ದರೆ ಅದು ಲಾರಿಗೂ ಮುಂಚಿನ ನಾಟಾ ರೈಲಿನ ಹಾದಿ. ನಡುವೆ ಇದ್ದ ಮರದ ಸೇತುವೆ ಹೋಗಿದೆ. ಇವೆಲ್ಲ ಕಾಲ್ನಡಿಗೆಗೆ. ಎಂವಿಯುಎಂನಲ್ಲಿ ಇಲ್ಲವೆಂದರೆ ಗಾಡಿ ಇಲ್ಲ.

ಒಂದೇ ಸಲ ಉದ್ದದ ದಾರಿ ಮಾಡಬೇಕು. ಯಾವುದು?

ವಾಷಿಂಗ್ಟನ್ ಬ್ಯಾಕ್‌ಕಂಟ್ರಿ ಡಿಸ್ಕವರಿ ರೂಟ್. ಒರೆಗಾನ್ ಗಡಿಯ ಕೊಲಂಬಿಯಾ ನದಿಯಿಂದ ಕೆನಡಾ ಗಡಿಯವರೆಗೆ ಸುಮಾರು 600 ಮೈಲಿ, ಬಹುಪಾಲು ಇಂಥ ರಸ್ತೆಗಳೇ. ಬೈಕಿನವರಿಗೆಂದು ರೂಪಿಸಿದ್ದು, ಎತ್ತರದ ಗಾಡಿಯವರೂ ಮಾಡುತ್ತಾರೆ. ಐದಾರು ದಿನ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ಬೆಂಕಿಯ ನಿಯಮ ಏನು?

ಎಂಜಿನ್ ಅಡಿಯ ಕ್ಯಾಟಲಿಟಿಕ್ ಕನ್ವರ್ಟರ್ ಒಣಹುಲ್ಲು ಹೊತ್ತಿಸುವಷ್ಟು ಕಾಯುತ್ತದೆ. ನಿಲ್ಲಿಸುವುದು ಬರಿನೆಲದ ಮೇಲೆ ಮಾತ್ರ. ಹುಲ್ಲಿನಲ್ಲಿ ಓಡಿಸಿದ್ದರೆ ಸಂಜೆ ಗಾಡಿಯ ಕೆಳಗೆ ಮಲಗಿ, ಎಂಜಿನ್ ಅಡಿಯ ತಟ್ಟೆಯ ಮೇಲೆ ಸಿಕ್ಕಿಕೊಂಡ ಹುಲ್ಲು ಕೀಳಿ. ಒರೆಗಾನ್‌ನಲ್ಲಿ ಬೆಂಕಿಯ ಕಾಲದ ನಿರ್ಬಂಧ ಜಾರಿಯಲ್ಲಿದ್ದರೆ ಗಾಡಿಯಲ್ಲಿ ಸಲಿಕೆ, ಜೊತೆಗೆ ಒಂದು ಗ್ಯಾಲನ್ ನೀರು ಅಥವಾ ಎರಡೂವರೆ ಪೌಂಡಿನ ಆರಿಸುವ ಸಿಲಿಂಡರ್ ಕಡ್ಡಾಯ.

ಒಂದು ಕಾಡಿಂದ ಇನ್ನೊಂದಕ್ಕೆ ಹೋಗೋ ಮೊದಲು ಗಾಡಿ ತೊಳೀಬೇಕು ಅಂತಾರೆ. ನಿಜವಾ?

ನಿಜ. ನೈಋತ್ಯ ಒರೆಗಾನ್‌ನಲ್ಲಿ ಪೋರ್ಟ್-ಆರ್ಫರ್ಡ್ ಸೀಡರ್ ಮರಗಳ ಬೇರು ಕೊಳೆಸುವ ಫೈಟಾಫ್ತೊರಾ ರೋಗ ಹಸಿ ಕೆಸರಿನಲ್ಲಿ ಟೈರಿಗಂಟಿ ಹರಡುತ್ತದೆ. ಅದಕ್ಕೇ ಅಲ್ಲಿ ಕೆಲವು ರಸ್ತೆಗಳಿಗೆ ಮಳೆಗಾಲದಲ್ಲಿ ಗೇಟು ಹಾಕುತ್ತಾರೆ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕೊಳೆರೋಗದ ಜಾತಿಯೂ ಇದೇ. ಟೈರಿನ ಗೂಡು, ಅಡಿಯ ತಟ್ಟೆ, ಚಾಸಿಯ ಸಂದು ಒತ್ತಡದ ನೀರಿನಲ್ಲಿ ತೊಳೆಯಿರಿ.

ಊರಿಗೆ ಹೋದಾಗ ಮಲೆನಾಡಿನ ಕೂಪು ರಸ್ತೆಗಳಲ್ಲೂ ಹೀಗೇ ಓಡಿಸಬಹುದಾ?

ಇಲ್ಲ. ಅಲ್ಲಿ ಎಂವಿಯುಎಂನಂಥ ಪದ್ಧತಿಯಿಲ್ಲ, ಸಾರ್ವಜನಿಕರಿಗೆ ತೆರೆದ ಕಾಡುರಸ್ತೆ ಎಂಬ ವರ್ಗವೂ ಇಲ್ಲ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೇರಿಕೊಳ್ಳುತ್ತದೆ, ಗಾಡಿ ಜಪ್ತಿಯಾಗಬಹುದು. ಸಕಲೇಶಪುರ, ಕೊಡಗಿನ ಕಡೆ ಜೀಪ್ ಓಡಿಸುವ ಕೂಟಗಳು ನಡೆಯುವುದು ಖಾಸಗಿ ತೋಟದ ನೆಲದಲ್ಲಿ, ಮಾಲೀಕರ ಒಪ್ಪಿಗೆಯಿಂದ. ಆಸೆಯಿದ್ದರೆ ಅಂಥ ತೋಟದವರನ್ನು ಕೇಳಿ. ಮುಂಗಾರಿನಲ್ಲಂತೂ ಬೇಡ: ಆ ಕೆಂಪು ಜೇಡಿಗೆ ಇಲ್ಲಿನ ಜಲ್ಲಿಯ ಅನುಭವ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಟೈರಿನ ಹಲ್ಲುಗಳ ನಡುವೆ ಮೆತ್ತಿಕೊಂಡರೆ ಎಂಥ ಟೈರೂ ಬೋಳು ಟೈರೇ.